ಪರವಾ

ಶಹಾಪುರ, ಬೆಳಗಾವಿ
೧೮ ಅಕ್ಟೋಬರ್ ೧೯೮೧

ಪಾರಿಶ್ವಾಡದ ಕಾಡವ್ವಕ್ಕನವರಿಗೆ ಶಹಾಪುರದ ಗುರುಪುತ್ರಪ್ಪ ಮಾಡುವ ಶರಣಾರ್ಥಿ.

ಓದಿ ಹೇಳುವ ಮಗಳು ಮಾಯಕ್ಕನಿಗೆ ಮೊದಲೇ ಒಂದು ಮಾತು: ಅಕ್ಷರ ನುಂಗದೆ ಓದಬೇಕು. ನಿಮ್ಮಣ್ಣ ರೊಟ್ಟಿ ನುಂಗುವ ಹಾಗೆ ನುಂಗಬೇಡ.

ಅಕ್ಕಾ, ನಾನು ಯಾರೆಂದು ನಿಮ್ಮ ಮಗ ಮೈಲಾರಿ ಹೇಳಿರಬೇಕು. ಉದ್ಯಮಬಾಗದ ಫೌಂಡ್ರಿಯಲ್ಲಿ ಅವನೂ ನಾನೂ ಒಂದೇ ಪಾಳಿಯವರು. ನಾನು ಅಚ್ಚು ಕಟ್ಟುತ್ತೇನೆ, ಅವನು ಉಸುಕು ಹೊರುತ್ತಾನೆ. ಇಪ್ಪತ್ತು ವರ್ಷದ ಕೆಳಗೆ ನಾನೂ ಸೈಕಲ್ ಓಟದಲ್ಲಿ ಹೆಸರು ಮಾಡಿದವನೇ. ಈಗ ಮೊಣಕಾಲು ಹೋಗಿದೆ, ಬಾಯಿ ಮಾತ್ರ ಉಳಿದಿದೆ. ಆ ಬಾಯಿಯಿಂದಲೇ ಹುಡುಗರನ್ನು ತಯಾರು ಮಾಡುತ್ತೇನೆ. ಅವರು ನನ್ನನ್ನು ಕ್ಯಾಪ್ಟನ್ ಕಾಕಾ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೋ ಕೇಳಲು ಹೋಗಿಲ್ಲ.

ಶನಿವಾರ ಪಾಳಿ ಮುಗಿಸಿ ಮೈಲಾರಿ ನಿಮ್ಮೂರಿಗೆ ಸೈಕಲ್ ತುಳಿಯುವುದನ್ನು ಒಮ್ಮೆ ಬಸ್ಸಿನಲ್ಲಿ ಕೂತು ನೋಡಿದೆ. ಬಸ್ಸು ದಿಬ್ಬ ಹತ್ತಲು ಏದುಸಿರು ಬಿಡುತ್ತಿತ್ತು. ಇವನು ಬಾಜೂಕ ಬಂದು ಕಿಟಕಿ ಬಡಿದು, "ಕಾಕಾ, ಇಳದ ಬಿಡ್ರಿ, ನಾ ಲಗೂನ ಮುಟ್ಟಸ್ತೀನಿ" ಅಂದ. ಬಸ್ಸಿನ ಮಂದಿಯೆಲ್ಲ ನಕ್ಕರು. ನಾನು ನಗಲಿಲ್ಲ, ಅವತ್ತೇ ಅವನನ್ನು ಆರಿಸಿಬಿಟ್ಟೆ.

ಜನವರಿಯಲ್ಲಿ ಮೂರು ದಿನದ ಘಟ್ಟದ ಓಟ ಇದೆ. ದಿನಕ್ಕೊಂದು ಹಂತ. ಡಾಂಬರು ಕಡಿಮೆ, ಕಚ್ಚಾ ದಾರಿ, ಹಳ್ಳ, ಕಾಡು ಹೆಚ್ಚು. ಕೆಲವು ಕಡೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಓಡಬೇಕು. ಅದಕ್ಕೆಂದು ನವೆಂಬರ್ ಒಂದರಿಂದ ಖಾನಾಪುರದಲ್ಲಿ ಐದು ಜನರ ತರಬೇತಿ ಶಿಬಿರ ಹಾಕಿದ್ದೇನೆ. ಮೈಲಾರಿ ತುದಿಗಾಲಿನ ಮೇಲೆ ನಿಂತಿದ್ದಾನೆ. ಆದರೆ "ಅವ್ವ ಹೂಂ ಅನ್ನಬೇಕ್ರಿ" ಅನ್ನುತ್ತಾನೆ. ಹೂಂ ಅನ್ನಿರಿ ಅಕ್ಕಾ. ಅವನ ಒಂದು ಕೂದಲೂ ಕೊಂಕದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ.

ನಿಮ್ಮ ಉತ್ತರಕ್ಕೆ ಕಾದಿರುವ,
ಗುರುಪುತ್ರಪ್ಪ

*

ಪಾರಿಶ್ವಾಡ
೨೫ ಅಕ್ಟೋಬರ್ ೧೯೮೧

ಗುರುಪುತ್ರಪ್ಪ ಕಾಕಾ ಅವರಿಗೆ ಮಾಯಕ್ಕನ ನಮಸ್ಕಾರಗಳು.

ನಾನು ಅಕ್ಷರ ನುಂಗುವವಳಲ್ಲ. ಏಳನೇ ಇಯತ್ತೆಯಲ್ಲಿ ಓದುವುದರಲ್ಲಿ ಶಾಲೆಗೇ ಮೊದಲಿಗಳಾಗಿದ್ದೆ. ಅವ್ವ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ:

"ತಮ್ಮಾ, ಸೈಕಲ್ ಓಟ ನನಗ ತಿಳಿಯೂದಿಲ್ಲ, ಕುರಿ ತಿಳಿತಾವು. ನಮ್ಮ ಮಂದಿ ಹಿಂಡು ಎಬ್ಬಸೂಕಿಂತ ಮದಲ ಹಿರ್ಯಾ ಒಬ್ಬಾಂವ ಮುಂದ ಹೋಗಿ ದಾರಿ ನೋಡಿ ಬರ್ತಾನ. ನೀರು ಎಲ್ಲೈತಿ, ತ್ವಾಳ ಎಲ್ಲೈತಿ, ಯಾರ ಹೊಲ ಬಿತ್ಯಾರ, ಎಲ್ಲಾ ಕಣ್ಣೀಲೆ ಕಂಡು ಬರಬೇಕು. ಅವರಿವರ ಹೇಳಿದ್ದು ಕೇಳಿ ಹಿಂಡು ಬಿಡೂಹಂಗಿಲ್ಲ. ಇವರಪ್ಪ ಇರೂತನಕಾ ಆ ಕೆಲಸಾ ಅಂವಾನ ಮಾಡಿದ. ಮೈಲಾರಿ ಬರೇ ಮುಂದ ಓಡಾಂವ, ಹಿಂದ ಮುಂದ ನೋಡಾಂವಲ್ಲ. ನೀ ಅವಗ ದಾರಿ ನೋಡಾಂವ ಆಗ್ತೀಯೇನು? ಆಗ್ತೀನಿ ಅಂದ್ರ ಕಳಸ್ತೀನಿ."

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಎದ್ದು ಹೋಗಿ ಕುರಿಗಳಿಗೆ ನೀರಿಟ್ಟು ಬಂದು, "ಪರವಾ ಇಲ್ಲ, ಹೋಗ್ಲಿ" ಅಂದಳು. ನಮ್ಮ ಅವ್ವನದು ಯಾವಾಗಲೂ ಅದೇ ಮಾತು. ಮಳೆ ಬಂದರೂ ಪರವಾ ಇಲ್ಲ, ಬರದಿದ್ದರೂ ಪರವಾ ಇಲ್ಲ. ಆದರೆ ಈ ಸಲ ಹೇಳಲು ತಡ ಮಾಡಿದಳು. ಅಣ್ಣ ಓಟ ಮುಗಿಸಿ ಬಂದಾಗ ಹೊದಿಸಲೆಂದು ಕಂಬಳಿಗೆ ಉಣ್ಣೆ ನೂಲಲು ಶುರು ಮಾಡಿದ್ದಾಳೆ.

ನಿಮ್ಮ ಮಗಳ ಸಮಾನಳಾದ,
ಮಾಯಕ್ಕ

*

ಶಹಾಪುರ
೨೯ ಅಕ್ಟೋಬರ್ ೧೯೮೧

ಅಕ್ಕಾ, ಕಾರ್ಡಿನಲ್ಲಿ ಜಾಗ ಕಡಿಮೆ, ಅದಕ್ಕೆ ಒಂದೇ ಮಾತು. ಆಗ್ತೀನಿ. ನಾನು ಹೋಗಿ ಕಣ್ಣಾರೆ ನೋಡದ ದಾರಿಗೆ ನಿಮ್ಮ ಮಗನ ಗಾಲಿ ಇಳಿಯುವುದಿಲ್ಲ. ಬಸವಣ್ಣನ ಆಣೆ.

ಗುರುಪುತ್ರಪ್ಪ

*

ಶಿಬಿರ, ಖಾನಾಪುರ
೧೫ ನವೆಂಬರ್ ೧೯೮೧

ಕಾಡವ್ವಕ್ಕನವರಿಗೆ ಶರಣಾರ್ಥಿ.

ನಿಮ್ಮ ಮಗ ಕ್ಷೇಮ. ಅವನ ಹಸಿವಿನಿಂದ ನಮ್ಮ ಅಡುಗೆಯ ರೇಣವ್ವ ಮಾತ್ರ ಕ್ಷೇಮವಾಗಿಲ್ಲ. "ಯಣ್ಣಾ, ಇದು ಹೊಟ್ಟ್ಯೋ ಜ್ವಾಳಾ ತುಂಬೂ ಹಗೇವೋ?" ಎಂದು ದಿನಾ ನನ್ನನ್ನು ಕೇಳುತ್ತಾಳೆ.

ಮುಚ್ಚಿದ ಹೆಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ ನಮ್ಮ ವಸ್ತಿ. ಬೆಳಿಗ್ಗೆ ಐದಕ್ಕೆ ಸೀಟಿ ಊದುತ್ತೇನೆ. ಶೇಂಗಾ, ಬೆಲ್ಲ ಕಟ್ಟಿಕೊಂಡು ಜಾಂಬೋಟಿ ದಾರಿ ಹಿಡಿಯಬೇಕು, ಅಲ್ಲಿಂದ ಕಣಕುಂಬಿ. ಮಡಗಾರ್ಡು, ಕ್ಯಾರಿಯರು, ಗಂಟೆ, ಎಲ್ಲ ಬಿಚ್ಚಿಸಿದ್ದೇನೆ. ಎದೆಯ ಮೇಲೆ ಅಡ್ಡಡ್ಡ ಎರಡು ಟ್ಯೂಬು ಹಾಕಿಕೊಂಡು ಹೊರಟರೆಂದರೆ ಊರ ನಾಯಿಗಳಿಗೂ ಗುರುತು ಸಿಗುವುದಿಲ್ಲ. ಹೊಸ ದಾರಿ ಹಿಡಿಸುವ ಮುಂಚೆ ನಾನು ಬಸ್ಸಿನಲ್ಲೋ ಹಾಲಿನ ಗಾಡಿಯಲ್ಲೋ ಹೋಗಿ, ಉಳಿದದ್ದನ್ನು ನಡೆದು, ನೋಡಿಕೊಂಡು ಬರುತ್ತೇನೆ. ಮಾತು ಕೊಟ್ಟಿದ್ದೇನಲ್ಲ.

ಮೈಲಾರಿಗೆ ಇಲ್ಲಿ ಒಂದೇ ಕಷ್ಟ, ಮರಾಠಿ. ಐವರಲ್ಲಿ ಮೂವರು ಮರಾಠಿ ಮಾತಾಡುವವರು. ಜಾಂಬೋಟಿಯ ಧೋಂಡು ಇವನ ಜೀವದ ಗೆಳೆಯ. ಆದರೂ ಇವನಿಗೆ ಮರಾಠಿ ಕಲಿಸುವವನು ನಾನೇ, ನನಗೆ ಅದು ನೀರು ಕುಡಿದಷ್ಟು ಸಲೀಸು. ಮೊನ್ನೆ ಒಂದು ಮೋಜು ನಡೆಯಿತು. ಮರಾಠಿಯಲ್ಲಿ ಮೊನ್ನೆಗೂ ನಾಡಿದ್ದಿಗೂ "ಪರವಾ" ಎಂಬ ಒಂದೇ ಮಾತು ಎಂದು ಹೇಳಿಕೊಟ್ಟೆ. ಇವನು ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದುಕೊಂಡು, "ಕಾಕಾ, ಹಿಂದ ಹೋದ ದಿನಾನೂ ಅದ, ಮುಂದ ಬರೂ ದಿನಾನೂ ಅದ? ಮತ್ತ ತಿಳಿಯೂದು ಹೆಂಗ್ರಿ?" ಅಂದ. "ಮಾತಿನ ಬಾಲ ನೋಡಬೇಕಲೇ, ಹೋದೆ ಅಂತೈತೋ ಹೋಗ್ತೀನಿ ಅಂತೈತೋ" ಅಂದೆ. "ಬಾಲಾ ಇಲ್ಲದಿದ್ರ?" ಅಂದ. "ಬಾಲ ಇಲ್ಲದ್ದು ನೀ ಒಬ್ಬಾಂವ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವನು, "ನಮ್ಮವ್ವಗಂತೂ ಪರವಾನ ಇಲ್ಲ, ಆಕಿ ಚಲೋ ಅದಾಳ" ಅಂದ.

ಹುಡುಗ ಬಂಗಾರ ಅಕ್ಕಾ. ಅವನೆದುರು ಹೇಳುವುದಿಲ್ಲ, ತಲೆ ತಿರುಗೀತು.

ನಿಮ್ಮ ತಮ್ಮ,
ಗುರುಪುತ್ರಪ್ಪ

*

ಖಾನಾಪುರ
೨೯ ನವೆಂಬರ್ ೧೯೮೧

ಮಾಯೀ,

ನಿನ್ನ ಅಣ್ಣ ಬರದದ್ದು. ಅಕ್ಷರ ನೋಡಿ ನಗಬ್ಯಾಡ, ಕೈ ಹ್ಯಾಂಡಲ್ ಹಿಡದ ಹಿಡದ ಮರಗಟ್ಯಾವು. ನಿನ್ನೆ ಕಾಕಾ ಎಲ್ಲಾರ ಮುಂದ ಹೇಳಿದ್ರು, ಓಟದಾಗ ಮುಂದ ಹೋಗಾಂವ ನಾನ ಅಂತ. ಕೆಂಪ ಬನಿಯನ್ ಕೊಟ್ಟಾರ. ಅವ್ವಗ ಹೇಳು, ಆದ್ರ ಭಾಳ ದೊಡ್ಡದು ಮಾಡಿ ಹೇಳಬ್ಯಾಡ, ದೃಷ್ಟಿ ತಗೀತೀನಿ ಅಂತ ಕುಂದರ್ತಾಳ. ಇನ್ನ ಘಟ್ಟದ ಕೆಳಗಿನ ದಾರಿ ಒಂದ ಉಳದೈತಿ. ಅದು ಮುಗದ್ರ ಬರೂ ರವಿವಾರ ಊರಿಗೆ ಬರ್ತೀನಿ. ಪುಂಡಿಪಲ್ಯ ಮಾಡಿಡ್ರಿ. ಕಾಕಾನ ಮೊಣಕಾಲು ಬಾತೈತಿ. ಬಾಯಿ ಮಾತ್ರ ಬಾತಿಲ್ಲ, ಬೈಯೂದು ಹಂಗ ಐತಿ.

ನಿನ್ನ ಅಣ್ಣ,
ಮೈಲಾರಿ

*

ಶಹಾಪುರ
೨೭ ಡಿಸೆಂಬರ್ ೧೯೮೧

ಕಾಡವ್ವಕ್ಕನವರಿಗೆ.

ಮಣ್ಣಿನ ದಿನ ನಿಮ್ಮಲ್ಲಿಗೆ ಬಂದಿದ್ದೆ. ಮಂದಿಯ ಹಿಂದೆ ನಿಂತಿದ್ದೆ. ನಿಮ್ಮ ಮುಂದೆ ಬರದೆ ಹಾಗೇ ಬಸ್ಸು ಹತ್ತಿದೆ. ಮೈಲಾರಿ ಹೋಗಿ ಇವತ್ತಿಗೆ ಇಪ್ಪತ್ತೈದು ದಿನವಾಯಿತು.

ನಡೆದದ್ದು ನಿಮಗೆ ಗೊತ್ತೇ ಇದೆ. ಡಿಸೆಂಬರ್ ಎರಡು, ಬುಧವಾರ. ಘಟ್ಟದ ರಸ್ತೆ ಅಗಲ ಮಾಡುವವರು ಬಂಡೆಗೆ ಮದ್ದು ಇಟ್ಟಿದ್ದರು. ನಮ್ಮ ಹುಡುಗರು ಅದೇ ಹೊತ್ತಿಗೆ ಕಾಡಿನ ಬಂಡಿದಾರಿಯಿಂದ ಇಳಿದು ರಸ್ತೆಗೆ ಸೇರಿದರು. ಮೈಲಾರಿ ಎಲ್ಲರಿಗಿಂತ ಮುಂದಿದ್ದ. ಒಂದೇ ಕಲ್ಲು ಬಿತ್ತು. ಹಿಂದಿದ್ದ ನಾಲ್ವರಿಗೆ ಏನೂ ಆಗಲಿಲ್ಲ. ರಸ್ತೆ ಕೆಲಸದವರು ನಮಗೆ ಸರಿಯಾಗಿ ತಿಳಿಸಲಿಲ್ಲ. ವಿಚಾರಣೆಯಲ್ಲಿಯೂ ಹಾಗೆಯೇ ಬರೆದುಕೊಂಡಿದ್ದಾರೆ. ಶಿವನ ಇಚ್ಛೆಯ ಮುಂದೆ ನಾವು ಯಾರು?

ಅವನ ಸೈಕಲ್ ನಮ್ಮ ಮನೆಯಲ್ಲಿದೆ. ಮುಂದಿನ ಗಾಲಿ ಸೊಟ್ಟಾಗಿದೆ. ನೆಟ್ಟಗೆ ಮಾಡಿಸಿ ಕಳಿಸಲೋ ಹೇಗೆ, ತಿಳಿಸಿರಿ.

ಗುರುಪುತ್ರಪ್ಪ

*

ಪಾರಿಶ್ವಾಡ
೨೪ ಜನವರಿ ೧೯೮೨

ಗುರುಪುತ್ರಪ್ಪ ಕಾಕಾ ಅವರಿಗೆ,

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. ಆ ದಿನದಿಂದ ಅತ್ತೇ ಇಲ್ಲ. ಅದೇ ನನಗೆ ಭಯ. ಅಣ್ಣನ ಕೊನೆಯ ಪತ್ರ ಡಿಸೆಂಬರ್ ನಾಲ್ಕಕ್ಕೆ ಬಂತು. ಅಷ್ಟೊತ್ತಿಗೆ ಅವನು ಮಣ್ಣಾಗಿದ್ದ. ಅದನ್ನೂ ಓದಿಸಿ ಕೇಳಿದಳು. ರವಿವಾರ ಪುಂಡಿಪಲ್ಯ ಮಾಡಿ, ಮುಚ್ಚಿಟ್ಟು, ಸಂಜೆ ನಾಯಿಗೆ ಹಾಕಿದಳು. ಕಂಬಳಿಯ ಉಣ್ಣೆ ನೂಲುವುದನ್ನೂ ಬಿಟ್ಟಿಲ್ಲ. "ಯಾರಿಗವ್ವಾ ಇದು?" ಅಂದರೆ ಕದಿರನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತಾಳೆ.

ನಿಮ್ಮನ್ನು ಒಂದೇ ಮಾತು ಕೇಳಲು ಹೇಳಿದ್ದಾಳೆ. "ಸೈಕಲ್ ಬ್ಯಾಡ. ಆ ದಾರಿ ಅಂವ ಹೋಗಿ ನೋಡಿದ್ದನೇನು, ಅಷ್ಟ ಕೇಳು."

ನಾನೂ ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ. ಮೊದಲಿನ ಪತ್ರಗಳನ್ನೆಲ್ಲ ತೆಗೆದು ಓದಿದೆ. ಅವುಗಳಲ್ಲಿ ನಿಮ್ಮ ದನಿ ಕೇಳುತ್ತಿತ್ತು. ಇದರಲ್ಲಿ ಕೇಳಲಿಲ್ಲ.

ಮಾಯಕ್ಕ

*

ಶಹಾಪುರ
೧೪ ಮಾರ್ಚ್ ೧೯೮೨

ಮಾಯಕ್ಕಾ,

ಇದನ್ನು ಮೊದಲು ನೀನೊಬ್ಬಳೇ ಓದು. ಓದಿದ ಮೇಲೆ ಅವ್ವನಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಿನ್ನ ತಲೆಯ ಮೇಲೆ ಇಂಥ ಭಾರ ಹೊರಿಸುತ್ತಿದ್ದೇನೆ, ನಾನೆಂಥ ಹಿರಿಯ!

ಏಳು ವಾರದಿಂದ ದಿನಾ ಬರೆಯಲು ಕೂತು ಏಳುತ್ತಿದ್ದೇನೆ. ಜನವರಿಯ ಓಟಕ್ಕೆ ನಾವು ಯಾರೂ ಹೋಗಲಿಲ್ಲ. ಧೋಂಡು ಸೈಕಲ್ ಮುಟ್ಟುವುದನ್ನೇ ಬಿಟ್ಟಿದ್ದಾನೆ.

ನಾನು ಆ ದಾರಿ ನೋಡಿರಲಿಲ್ಲ. ಮೊಣಕಾಲು ಬಾತಿತ್ತು, ನಡೆಯಲು ಆಗುತ್ತಿರಲಿಲ್ಲ. ಒಂದು ವಾರ ತಡೆದಿದ್ದರೆ ಏನೂ ಮುಳುಗುತ್ತಿರಲಿಲ್ಲ. ತಡೆಯಲಿಲ್ಲ. ಬಸ್ಸಿನ ಕಂಡಕ್ಟರನ ಕೈಯಲ್ಲಿ ರಸ್ತೆ ಕೆಲಸದ ಆಳುಗಳ ಮೇಲಿನ ಮುಕಾದಮನಿಗೆ, ಬಂಡೆ ಒಡೆಯುವುದು ಯಾವಾಗ ಎಂದು ಕೇಳಿ ಕಳಿಸಿದೆ. ನವೆಂಬರ್ ಮೂವತ್ತು, ಸೋಮವಾರ, ಅವನ ಚೀಟಿ ಬಂತು. ಮರಾಠಿಯಲ್ಲಿ ಒಂದೂವರೆ ಸಾಲು: "ಘಾಟಾತ್ ಸುರುಂಗ ಪರವಾ. ದೋನ್ ದಿವಸ ರಸ್ತಾ ಬಂದ್." ಸುರುಂಗ ಅಂದರೆ ಬಂಡೆಗೆ ಇಡುವ ಮದ್ದು. ಮದ್ದು ಪರವಾ, ಎರಡು ದಿನ ರಸ್ತೆ ಬಂದ್.

ನಾನು ಮೊನ್ನೆ ಎಂದು ಓದಿದೆ. ಶನಿವಾರ ಹಾರಿಸಿದ್ದಾರೆ, ಎರಡು ದಿನ ಬಂದ್ ಇತ್ತು, ಈಗ ದಾರಿ ತೆರೆದಿದೆ ಎಂದು ತಿಳಿದೆ. ಅವನು ಬರೆದದ್ದು ನಾಡಿದ್ದು. ಬುಧವಾರ.

ಆ ಮಾತಿಗೆ ಬಾಲ ಇರಲಿಲ್ಲ ಮಾಯಕ್ಕಾ. ಬಾಲ ಇಲ್ಲದಿದ್ದರೆ ಏನು ಮಾಡಬೇಕೆಂದು ನಿಮ್ಮಣ್ಣ ನನ್ನನ್ನು ಕೇಳಿದ್ದ. ನಾನು ನಗೆಚಾಟಿಕೆ ಮಾಡಿದ್ದೆ.

ಇನ್ನೂ ಇದೆ, ಕೇಳು. ಧೋಂಡು ಬಾಜೂಕ ನಿಂತಿದ್ದ. "ಕಾಕಾ, ಚೀಟಿ ಒಮ್ಮೆ ನಾ ನೋಡ್ಲ್ಯಾ?" ಅಂದ. "ನಿನ್ನ ಮರಾಠಿ ನನಗ ಕಲಸಾಕ ಬರಬ್ಯಾಡ" ಎಂದು ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಕೆಂಪು ಬಾವುಟ ಹಿಡಿದವನು ರಸ್ತೆಯ ತಲೆಯಲ್ಲಿ ನಿಂತಿದ್ದನಂತೆ. ನಾನು ಹುಡುಗರಿಗೆ ಹೇಳಿದ್ದು ಬಂಡಿದಾರಿ. ಅದು ಬಾವುಟದಿಂದ ಕೆಳಗೆ ರಸ್ತೆಗೆ ಸೇರುತ್ತದೆ. ನೋಡಲು ಹೋಗಿದ್ದರೆ ಮುಕಾದಮನೇ ಎದುರಿಗೆ ಸಿಗುತ್ತಿದ್ದ, ಬಾಯಿಯಿಂದಲೇ ಕೇಳುತ್ತಿದ್ದೆ.

ವಿಚಾರಣೆಯಲ್ಲಿ ಚೀಟಿ ಬಂದೇ ಇಲ್ಲ ಎಂದು ಹೇಳಿದೆ. ಧೋಂಡು ನನ್ನ ಮುಖ ನೋಡಿ, ಎದ್ದು ಹೊರಗೆ ಹೋದ. ಮುಕಾದಮನನ್ನು ಕೆಲಸದಿಂದ ತೆಗೆದರು. ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. ಹರಿಯಲು ಹೋಗುತ್ತೇನೆ, ಕೈ ಬರುವುದಿಲ್ಲ.

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ.

ಗುರುಪುತ್ರಪ್ಪ

*

ಪಾರಿಶ್ವಾಡ
೯ ಮೇ ೧೯೮೨

ಕಾಕಾ,

ಏನೆಂದು ಕರೆಯಬೇಕೋ ತಿಳಿಯದೆ ಹಳೆಯ ಅಭ್ಯಾಸದಿಂದ ಹೀಗೆ ಕರೆದಿದ್ದೇನೆ.

ನೀವು ಒಬ್ಬಳೇ ಓದು ಎಂದು ಬರೆದಿರಿ. ನಮ್ಮ ಮನೆಯಲ್ಲಿ ಒಬ್ಬಳೇ ಇರುವ ಜಾಗ ಯಾವುದಿದೆ? ಅಂಚೆಯವರು ಪತ್ರವನ್ನು ಅವ್ವನ ಕೈಗೇ ಕೊಟ್ಟರು. ಕದಿರು ಬದಿಗಿಟ್ಟು, ನನ್ನನ್ನು ಕರೆದು, ಎದುರಿಗೆ ಕೂರಿಸಿಕೊಂಡಳು. ನಾನು ಕಣ್ಣಲ್ಲೇ ಓದತೊಡಗಿದೆ. "ಯಾಕ, ಬಾಯಿ ಹೊಲಕೊಂಡಿಯೇನು? ಓದು" ಅಂದಳು. "ಸಣ್ಣ ಅಕ್ಷರ ಅದಾವಬೇ, ತಡಿ" ಅಂದೆ.

ಆಮೇಲೆ ಓದಿದೆ. ನೀವು ಬರೆದದ್ದನ್ನಲ್ಲ. ಕಾಗದದ ಮೇಲೆ ಕಣ್ಣಿಟ್ಟು, "ಅಕ್ಕಾ, ನಾನು ಹಿಂದಿನ ದಿನ ಹೋಗಿ ನೋಡಿ ಬಂದಿದ್ದೆ. ದಾರಿ ಚಲೋ ಇತ್ತು. ಬೆಳಗಾಗುವುದರೊಳಗೆ ಕೆಟ್ಟಿತು" ಎಂದು ಓದಿದೆ. ಶಾಲೆಗೆ ಮೊದಲಿಗಳಾಗಿದ್ದವಳು ಓದಿದ್ದು ಹೀಗೆ.

ಅವ್ವ ಅತ್ತಳು ಕಾಕಾ. ಮೂರೂವರೆ ತಿಂಗಳಲ್ಲಿ ಮೊದಲ ಸಲ ಅತ್ತಳು. ಓಣಿಯ ಹೆಂಗಸರು ಓಡಿ ಬಂದರು. ಕಡೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾರ ಅಂವ ಮಾತ ಉಳಿಸ್ಯಾನ. ದಾರಿ ನೋಡಿದಾಂವಂದು ಏನೂ ತಪ್ಪಿಲ್ಲ. ಪರವಾ ಇಲ್ಲ ಅಂತ ಬರಿ" ಅಂದಳು.

ಆ ಮಾತನ್ನು ಬರೆಯಲು ನನಗೆ ಎಷ್ಟು ದಿನ ಬೇಕಾಯಿತು ನೋಡಿ. ಈಗ ಬರೆದಿದ್ದೇನೆ. ಆದರೆ ಅದು ನಿಮಗಲ್ಲ. ನಾನು ಸುಳ್ಳಿನಲ್ಲಿ ಕಟ್ಟಿದ ಒಬ್ಬ ಗುರುಪುತ್ರಪ್ಪನಿಗೆ.

ನಿಮ್ಮ ಮೇಲಿನ ಕನಿಕರದಿಂದ ಸುಳ್ಳು ಹೇಳಿದೆ ಎಂದುಕೊಳ್ಳಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅಣ್ಣ ಸತ್ತದ್ದಕ್ಕಿಂತ ಹೆಚ್ಚು ಆ ಬಡ ಮುಕಾದಮನ ಬಗ್ಗೆ ಓದಿದಾಗ ಸಿಟ್ಟು ಬಂತು. ತಪ್ಪಾಗಿ ಓದುವುದು ಯಾರಿಗೂ ಆಗುತ್ತದೆ, ಚೀಟಿ ಮುಚ್ಚಿಡುವುದು ಹಾಗಲ್ಲ. ಆದರೆ ನಿಮ್ಮನ್ನು ಆರಿಸಿದವಳು ನಮ್ಮವ್ವ. ದಾರಿ ನೋಡದವನ ಕೈಗೆ ಮಗನನ್ನು ಕೊಟ್ಟೆ ಎಂದು ಅವಳು ಸಾಯುವ ತನಕ ಕೊರಗಬಾರದು. ಅದಕ್ಕೆ ಹೇಳಿದೆ.

ಈಗ ನಾನು ಹೆಣೆದ ಬಲೆಯಲ್ಲಿ ನಾನೇ ಸಿಕ್ಕಿದ್ದೇನೆ. ಕಂಬಳಿ ಮುಗಿದಿದೆ. "ದಾರಿ ನೋಡಾಂವಗ ಹೊದಸಬೇಕು, ಬಂದು ಒಯ್ಯಿ ಅಂತ ಬರಿ" ಎಂದು ದಿನಾ ಕಾಡುತ್ತಿದ್ದಾಳೆ. ಬರಬೇಡಿ. ಮೊಣಕಾಲು ನೋವೆಂದು ಒಂದು ಕಾರ್ಡು ಹಾಕಿರಿ ಸಾಕು.

ಮಾಯಕ್ಕ

*

ಶಹಾಪುರ
೧೪ ಜೂನ್ ೧೯೮೨, ಸೋಮವಾರ

ಮಾಯಕ್ಕಾ,

ನೀನು ಹೇಳಿದ ಕಾರ್ಡನ್ನು ಮೂರು ಸಲ ಬರೆದು ಮೂರು ಸಲವೂ ಒಲೆಗೆ ಹಾಕಿದೆ.

ಜೂನ್ ಏಳು, ಸೋಮವಾರ, ರಸ್ತೆ ಕೆಲಸದ ಆಫೀಸಿಗೆ ಹೋಗಿ ಚೀಟಿ ಕೊಟ್ಟು ಬಂದೆ. ನಡೆದದ್ದನ್ನು ಬರೆದು ಸಹಿ ಹಾಕಿದ್ದೇನೆ. ಮುಂದೆ ಏನಾಗುತ್ತದೋ ಆಗಲಿ. ಮುಕಾದಮ ಕೊಲ್ಹಾಪುರದ ಕಡೆ ಕಬ್ಬಿನ ಹೊಲದ ಕೂಲಿಗೆ ಹೋಗಿದ್ದಾನಂತೆ. ಧೋಂಡುವನ್ನು ಕರೆದುಕೊಂಡು ಹುಡುಕಲು ಹೋಗುತ್ತೇನೆ. ಮರಾಠಿ ಮಾತಾಡಲು ಅವನೇ ಬೇಕು.

ಜೂನ್ ಹದಿಮೂರು, ರವಿವಾರ, ಮೈಲಾರಿಯ ಸೈಕಲ್ ತುಳಿದುಕೊಂಡು ನಿಮ್ಮೂರ ಅಗಸಿ ಬಾಗಿಲಿನ ತನಕ ಬಂದಿದ್ದೆ. ಗಾಲಿ ನೆಟ್ಟಗೆ ಮಾಡಿಸಿದ್ದೇನೆ. ಅವನು ಒಂದೂವರೆ ತಾಸಿನಲ್ಲಿ ಮುಟ್ಟುತ್ತಿದ್ದ ದಾರಿ ನನಗೆ ನಾಲ್ಕು ತಾಸು ಹಿಡಿಯಿತು. ದೂರದಿಂದ ನಿಮ್ಮವ್ವನನ್ನು ನೋಡಿದೆ. ಕುರಿ ಹೊಡೆದುಕೊಂಡು ಹೊರಟಿದ್ದಳು. ಕರೆಯದೆ ಸೈಕಲ್ ತಿರುಗಿಸಿಕೊಂಡು ಹಿಂದಕ್ಕೆ ಬಂದೆ. ಆದರೂ ಒಂದು ಕೆಲಸ ಆಯಿತು. ಈ ದಾರಿಯನ್ನಾದರೂ ಮೊದಲೇ ಹೋಗಿ ನೋಡಿ ಬಂದಿದ್ದೇನೆ.

ನೀನು ಬೇಡ ಅನ್ನುತ್ತೀ. ನಿನ್ನ ಮಾತು ಖರೇ ಇರಬಹುದು, ನನಗೆ ಗೊತ್ತಿಲ್ಲ. ಆದರೆ ಆ ಕಂಬಳಿ ನನ್ನ ಮೈಮೇಲೆ ಬಿದ್ದರೆ ನಾನು ಉಳಿಯುವುದಿಲ್ಲ ಮಗಳೇ. ಆಕೆ ಆರಿಸಿದ್ದು ತಪ್ಪಲ್ಲ, ಆಣೆ ಇಟ್ಟು ಮಾತು ತಪ್ಪಿದವನು ನಾನು. ಅದನ್ನು ನನ್ನ ಬಾಯಿಯಿಂದ ಕೇಳಿದರೆ ತನ್ನನ್ನು ತಾನು ಬೈದುಕೊಳ್ಳುವ ಬದಲು ನನ್ನನ್ನು ಬೈದಾಳು. ಬೈಯಲಿ, ಹೊಡೆಯಲಿ. ಕಂಬಳಿಯನ್ನು ಆಮೇಲೆ ಏನು ಮಾಡುವುದೆಂದು ಆಕೆಗೇ ಬಿಟ್ಟದ್ದು.

ಈಗ ನಾನು ಮೊನ್ನೆ, ನಾಡಿದ್ದು ಎಂದು ಎಲ್ಲಿಯೂ ಬರೆಯುವುದಿಲ್ಲ, ಅದಕ್ಕೆ ಕೇಳು. ಜೂನ್ ಇಪ್ಪತ್ತು, ರವಿವಾರ, ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಮಾರ್ಚ್ ಹದಿನಾಲ್ಕರ ಪತ್ರ ತೆಗೆದಿಡು. ನಾನೇ ಓದಿ ಹೇಳುತ್ತೇನೆ.

ಗುರುಪುತ್ರಪ್ಪ